ಬಿಗಿದ ಬೋಲ್ಟು ಬಿಚ್ಚಲೂ ಬರಬೇಕು

ಕಳೆದ ತಿಂಗಳ ಒಂದು ಸಂಜೆ ನಮ್ಮ ಕಚೇರಿಗೆ ತರುಣನೊಬ್ಬನು ಬಂದನು. ಊರು ಬೈಂದೂರಿನ ಕಡೆ. ಉದ್ಯೋಗ ಅಂಧೇರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ. ಕವಿತೆ ಕೊಡಲು ಬಂದಿರಬಹುದೆಂದು ನಾವು ಸ್ವಲ್ಪ ಅಂಜಿಯೇ ಕನ್ನಡಕವನ್ನು ಏರಿಸಿಕೊಂಡೆವು. ಅವನು ಕಿಸೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟನು. ಒಳಗೆ ಇದ್ದುದು ಎರಡು ಬೋಲ್ಟಿನ ತಲೆಗಳು. ಕತ್ತು ಮುರಿದು ತಲೆ ಮಾತ್ರ ಕೈಗೆ ಬಂದಿತ್ತು; ಮುಂಡಗಳೆರಡೂ ಅವನ ಮೋಟಾರು ಸೈಕಲ್ಲಿನ ಇಂಜಿನಿನೊಳಗೇ ಉಳಿದುಕೊಂಡಿದ್ದವು.

“ಅಣ್ಣಾ, ಸಡಿಲ ಬಿಟ್ಟರೆ ಉದುರಿ ಬೀಳುತ್ತದೆ, ಭದ್ರ ಮಾಡಿದರೆ ಮುರಿದುಹೋಗುತ್ತದೆ. ನಮ್ಮಂಥವರು ಏನು ಮಾಡಬೇಕು?” ಎಂದು ಕೇಳಿದನು.

“ಮೊದಲು ಕೂತುಕೋ ಮಾರಾಯ, ಚಹಾ ತರಿಸುತ್ತೇನೆ,” ಎಂದೆವು.

ಚಹಾ ಮುಗಿಯುವಷ್ಟರಲ್ಲಿ ಕಥೆಯೆಲ್ಲ ಹೊರಬಿದ್ದಿತು. ಎರಡು ವರ್ಷ ಚೀಟಿ ಕಟ್ಟಿ ಈತನು 100 ಸಿ.ಸಿ.ಯ ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡಿದ್ದಾನೆ. ಬೆಳಗಿನ ಐದಕ್ಕೆ ಎದ್ದು ಇಡ್ಲಿ ಚಟ್ನಿಯ ಡಬ್ಬಗಳನ್ನು ಹೇರಿಕೊಂಡು ಮೂರು ಕಚೇರಿಗಳಿಗೆ ಮುಟ್ಟಿಸಿ, ಏಳೂವರೆಗೆ ಕ್ಯಾಂಟೀನಿನ ಕೆಲಸಕ್ಕೆ ಹಾಜರಾಗುತ್ತಾನೆ. ಕ್ಯಾಂಟೀನಿನ ಸಂಬಳ ಕೋಣೆಯ ಬಾಡಿಗೆಗೂ ಊರಿನ ಮನೆಯ ಅಕ್ಕಿಬೇಳೆಗೂ ಸರಿಹೋಗುತ್ತದೆ. ತಂಗಿಯ ಕಾಲೇಜಿನ ಫೀ ನಡೆಯುವುದು ಈ ಬೆಳಗಿನ ಎರಡೂವರೆ ಗಂಟೆಗಳ ದುಡಿಮೆಯಿಂದ. ಗಾಡಿ ನಿಂತರೆ ಫೀ ನಿಂತಂತೆಯೇ.

ಹೋದ ಮಳೆಗಾಲದಲ್ಲಿ ಇಂಜಿನನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳ ಪೈಕಿ ಒಂದು, ಯಾವಾಗಲೋ ಸಡಿಲವಾಗಿ, ದಾರಿಯ ನಡುವೆ ಉದುರಿತು. ಇಂಜಿನು ವಾಲಿತು, ಚೈನು ಕಳಚಿತು, ಗಾಡಿ ಅದುರಿ ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕು ಹಾಕಿದ್ದರಿಂದ ಹುಡುಗ ಉಳಿದನು. ಇಡ್ಲಿಗಳು ರಸ್ತೆಯ ಪಾಲಾದವು. ಆ ಭಯದಲ್ಲಿ ಅವನು ಮರುದಿನವೇ ಬಿಡಿಭಾಗಗಳ ಅಂಗಡಿಗೆ ಹೋಗಿ, ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟು ಬೇಕೆಂದು ಕೇಳಿ, “ಎಲ್ಲಕ್ಕಿಂತ ಸ್ಟ್ರಾಂಗ್ ಯಾವುದೋ ಅದನ್ನೇ ಕೊಡಿ,” ಎಂದನಂತೆ. ಅಂಗಡಿಯವರು ಕೆಂಪು ದ್ರವದ ಪುಟ್ಟ ಸೀಸೆಯೊಂದನ್ನು ಕೊಟ್ಟರು. ಭಾನುವಾರದ ರಜೆಯಲ್ಲಿ ಕಣ್ಣಿಗೆ ಕಂಡ ಬೋಲ್ಟುಗಳನ್ನೆಲ್ಲ ಬಿಚ್ಚಿ, ಕೆಂಪು ಹಚ್ಚಿ, ಮತ್ತೆ ಬಿಗಿದನು. ಕ್ಲಚ್ಚಿನ ಮುಚ್ಚಳದ ಬೋಲ್ಟುಗಳನ್ನೂ ಬಿಡಲಿಲ್ಲ. ಕೆಲವು ತಿಂಗಳುಗಳಲ್ಲಿ ಕ್ಲಚ್ ಪ್ಲೇಟು ಸವೆಯಿತು. ಮುಚ್ಚಳ ಬಿಚ್ಚಲೆಂದು ಮಿಸ್ತ್ರಿಯು ಪಾನಾ ಹಾಕಿ ತಿರುಗಿಸಿದಾಗ ಬೋಲ್ಟು ತಿರುಗುವ ಬದಲು ಕತ್ತು ಮುರಿದುಕೊಂಡಿತು. ಒಂದಾದ ಮೇಲೆ ಇನ್ನೊಂದು.

ಈ ತರುಣನಲ್ಲಿ ಶ್ರದ್ಧೆಯ ಕೊರತೆಯಿರಲಿಲ್ಲ, ದುಡ್ಡಿನ ಜಿಪುಣತನವೂ ಇರಲಿಲ್ಲ. ತಪ್ಪಿದ್ದುದು ಅಂಗಡಿಯಲ್ಲಿ ಕೇಳಿದ ಪ್ರಶ್ನೆಯಲ್ಲಿ. ‘ಎಲ್ಲಕ್ಕಿಂತ ಬಲವಾದುದು ಯಾವುದು?’ ಎಂಬುದು ಈ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಯೇ ಅಲ್ಲ. ‘ಈ ಬೋಲ್ಟನ್ನು ಮುಂದೆ ಯಾರು, ಯಾವಾಗ, ಯಾವ ಆಯುಧದಿಂದ ಬಿಚ್ಚಬೇಕಾಗುತ್ತದೆ?’ ಎಂದು ಕೇಳಿಕೊಂಡವನಿಗೆ ಸರಿಯಾದ ಸೀಸೆ ತಾನಾಗಿ ಸಿಗುತ್ತದೆ. ಇಂದು ನಮ್ಮ ಹೋಟೆಲು ಬಂಧುಗಳಲ್ಲಿಯೂ ಗುಮಾಸ್ತ ಮಿತ್ರರಲ್ಲಿಯೂ ಎರಡು ಚಕ್ರದ ಗಾಡಿಯನ್ನು ನಂಬಿ ಹೊಟ್ಟೆ ಹೊರೆಯುವವರು ಅನೇಕರಿರುವುದರಿಂದ, ಹುಡುಗನಿಗೆ ಅಂದು ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ. ನಾವು ಇಂಜಿನಿಯರರಲ್ಲ, ಆದರೆ ಹೋಟೆಲು ನಡೆಸಿದವನಿಗೆ ಗ್ರೈಂಡರು, ಪಂಪು, ಜನರೇಟರುಗಳ ಸಹವಾಸದಲ್ಲಿ ಅರ್ಧ ಮಿಸ್ತ್ರಿತನ ಬಾರದೆ ಹೋಗುವುದಿಲ್ಲ.

ಬೋಲ್ಟು ಏಕೆ ಸಡಿಲವಾಗುತ್ತದೆ? ಬಿಗಿದ ಬೋಲ್ಟೆಂದರೆ ಎಳೆದು ಕಟ್ಟಿದ ಹಗ್ಗವೆಂದು ತಿಳಿಯಿರಿ. ಊರಿಗೆ ಹೋಗುವ ಬಸ್ಸಿನ ಮೇಲೆ ಟ್ರಂಕುಗಳನ್ನು ಕಟ್ಟುವಾಗ ಹಗ್ಗವನ್ನು ಎಳೆದಷ್ಟೂ ಟ್ರಂಕು ಅಲುಗದೆ ಕೂರುವುದಷ್ಟೆ? ಅದೇ ರೀತಿ ಪಾನಾ ಹಾಕಿ ತಿರುಗಿಸಿದಾಗ ಉಕ್ಕಿನ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಮತ್ತೆ ಮೊದಲಿನಂತಾಗಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಶಕ್ತಿ. ನಾವು ಪಾನಾದ ಮೇಲೆ ಹಾಕುವ ಬಲದಲ್ಲಿ ಸುಮಾರು ಅರ್ಧಭಾಗ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೂ, ಸುಮಾರು ನೂರಕ್ಕೆ ನಲ್ವತ್ತು ಪಾಲು ಥ್ರೆಡ್ಡಿನ, ಎಂದರೆ ಬೋಲ್ಟಿನ ಮೈಮೇಲಿನ ಸುರುಳಿಗೆರೆಗಳ, ತಿಕ್ಕಾಟಕ್ಕೂ ವೆಚ್ಚವಾಗುತ್ತದೆ. ಹಿಡಿದಿಡುವ ಕೆಲಸಕ್ಕೆ ಒದಗುವುದು ಉಳಿದ ಹತ್ತು ಪಾಲು ಮಾತ್ರ. ಆದರೆ ಬಿಗಿದ ಮೇಲೆ ಬೋಲ್ಟು ಹಿಂದಕ್ಕೆ ತಿರುಗದಂತೆ ತಡೆಯುವುದೂ ಅದೇ ತಿಕ್ಕಾಟವೇ. ಆದುದರಿಂದ ಅದನ್ನು ನಷ್ಟವೆಂದು ಬೈಯುವಂತಿಲ್ಲ.

ಗಾಡಿ ಅದುರಿದಾಗ ಈ ತಿಕ್ಕಾಟ ಕಳ್ಳನಂತೆ ಜಾರಿಕೊಳ್ಳುತ್ತದೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನಿಯ ಇಂಜಿನಿಯರರು ಇದನ್ನು ಯಂತ್ರವಿಟ್ಟು ಪರೀಕ್ಷಿಸಿ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಆಗುವ ಅದುರಾಟಕ್ಕಿಂತ ಅಡ್ಡಕ್ಕೆ ಆಗುವ ಅದುರಾಟವೇ ಅದಕ್ಕೆ ಹೆಚ್ಚು ಮಾರಕವೆಂಬುದು ಅವರು ಕಂಡ ಸಂಗತಿ. ಓರೆಯಾದ ಹಲಗೆಯ ಮೇಲೆ ತುಂಬಿದ ಪಾತ್ರೆಯನ್ನು ಇಟ್ಟು ನೋಡಿ. ಸುಮ್ಮನಿದ್ದರೆ ಅದು ನಿಲ್ಲುತ್ತದೆ, ಪಕ್ಕದಿಂದ ಮೆಲ್ಲಗೆ ತಟ್ಟುತ್ತಿದ್ದರೆ ಕೆಳಗೆ ಜಾರುತ್ತ ಬರುತ್ತದೆ. ಥ್ರೆಡ್ಡೂ ಸುತ್ತಿಕೊಂಡ ಓರೆ ಹಲಗೆಯೇ. ಹಿಡಿದ ಭಾಗಗಳು ಅಡ್ಡಕ್ಕೆ ಕೂದಲೆಳೆಯಷ್ಟು ಜಾರಿದಾಗಲೆಲ್ಲ ಬೋಲ್ಟು ತನ್ನ ಬಿಗಿಯಿಂದಲೇ ತನ್ನನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಮಿಸ್ತ್ರಿಗಳು ಬಹಳ ನಂಬುವ ಸೀಳು ಸ್ಪ್ರಿಂಗ್ ವಾಷರು ಇಲ್ಲಿ ನೆರವಾಗುವುದು ಕಡಿಮೆ. ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಹೊರತಂದ ಬೋಲ್ಟುಗಳ ಕೈಪಿಡಿಯಲ್ಲಿ, ಪೂರ್ತಿ ಬಿಗಿಯುವ ಹೊತ್ತಿಗೆ ಅದು ಚಪ್ಪಟೆಯಾಗಿ ಸಾಧಾರಣ ವಾಷರಿಗೆ ಸಮನಾಗುತ್ತದೆಂದು ನಿಸ್ಸಂಕೋಚವಾಗಿ ಬರೆಯಲಾಗಿದೆ. ಒಳಗೆ ನೈಲಾನ್ ಬಳೆಯಿರುವ ನಟ್ಟು ಒಳ್ಳೆಯದೇ. ಆದರೆ ಸುಮಾರು 120 ಡಿಗ್ರಿ ಸೆಂಟಿಗ್ರೇಡಿನಾಚೆ ನೈಲಾನ್ ಮೆತ್ತಗಾಗುವುದರಿಂದ ಇಂಜಿನಿನ ಬಿಸಿ ಜಾಗಗಳಿಗೆ ಅದು ಸಲ್ಲದು. ಇನ್ನು ಉಳಿದುದು ಥ್ರೆಡ್‌ಲಾಕರ್ ಎಂದು ಕರೆಯಲ್ಪಡುವ ಅಂಟು.

ಈ ಅಂಟಿನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1940ರ ದಶಕದಲ್ಲಿ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ರಸಾಯನಶಾಸ್ತ್ರಜ್ಞರು ಒಂದು ವಿಚಿತ್ರ ದ್ರವವನ್ನು ಕಂಡುಹಿಡಿದಿದ್ದರು. ಅದರೊಳಗೆ ಗಾಳಿಯನ್ನು ಊದುತ್ತಿರುವವರೆಗೆ ಅದು ನೀರಾಗಿರುತ್ತಿತ್ತು, ಊದುವುದನ್ನು ನಿಲ್ಲಿಸಿದರೆ ಗಟ್ಟಿಯಾಗುತ್ತಿತ್ತು. ಹಗಲಿರುಳೂ ಊದುತ್ತ ಕೂರಬೇಕಾದ ಸರಕನ್ನು ಅಂಗಡಿಯಲ್ಲಿ ಮಾರುವುದು ಹೇಗೆ? ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ ಎಂಬವರ ಮಗ ಅದೇ ಕಂಪೆನಿಯಲ್ಲಿ ಕೆಲಸದಲ್ಲಿದ್ದನು. ಕ್ರೀಬಲ್‌ರು ಈ ತೊಡಕನ್ನು ಕೈಗೆತ್ತಿಕೊಂಡು, ಊದುವ ಗೋಜಿಲ್ಲದೆ ಸೀಸೆಯೊಳಗಿನ ಗಾಳಿಯಿಂದಲೇ ದ್ರವವಾಗಿ ಉಳಿಯುವ ಪಾಕವನ್ನು 1953ರಲ್ಲಿ ಸಿದ್ಧಗೊಳಿಸಿದರು. 1956ರಲ್ಲಿ ಅದು ಲೋಕದೆದುರು ಬಂದಿತು. ‘ಲಾಕ್‌ಟೈಟ್’ ಎಂಬುದು ಅದರ ವ್ಯಾಪಾರದ ಹೆಸರು. 1963ರಲ್ಲಿ ಅದೇ ಕಂಪೆನಿಯ ಹೆಸರೂ ಆಯಿತು. 1997ರಲ್ಲಿ ಜರ್ಮನಿಯ ಹೆಂಕೆಲ್ ಸಂಸ್ಥೆ ಅದನ್ನು ಕೊಂಡಿತು. ಇಂದು ಇದೇ ಬಗೆಯ ಅಂಟನ್ನು ಬೇರೆ ಅನೇಕ ಕಂಪೆನಿಗಳೂ ತಯಾರಿಸುತ್ತಿವೆ.

ಹೊಸ ಸೀಸೆಯನ್ನು ಕೊಂಡವರು, ಅದು ತುಂಬಿಲ್ಲವಲ್ಲ, ಅಂಗಡಿಯವನು ಮೋಸಮಾಡಿದನೇ ಎಂದು ಸಂದೇಹಪಡುವುದುಂಟು. ಮೋಸವಲ್ಲ. ಒಳಗಿನ ಗಾಳಿಯಲ್ಲಿರುವ ಆಮ್ಲಜನಕವೇ ಅಂಟು ಗಟ್ಟಿಯಾಗದಂತೆ ಕಾಯುವ ಕಾವಲುಗಾರ. ಅದಕ್ಕಾಗಿಯೇ ಜಾಗ ಬಿಟ್ಟಿರುತ್ತಾರೆ. ಬೋಲ್ಟಿಗೂ ನಟ್ಟಿಗೂ ನಡುವಿನ ಸಂದಿಯಲ್ಲಿ ಗಾಳಿ ಸಿಗದೆ, ಕಬ್ಬಿಣದ ಅಥವಾ ತಾಮ್ರದ ಸಂಪರ್ಕವೂ ಒದಗಿದಾಗ ದ್ರವವು ಕಟುವಾದ ಪ್ಲಾಸ್ಟಿಕ್ಕಾಗಿ ಮಾರ್ಪಡುತ್ತದೆ. ಹೊರಗೆ ಸೋರಿದ ತೊಟ್ಟು ದಿನಗಟ್ಟಲೆ ಹಸಿಯಾಗಿಯೇ ಇದ್ದರೆ ಅಂಟು ಕೆಟ್ಟಿದೆಯೆಂದು ತಿಳಿಯಬಾರದು. ಒರಸಿ ತೆಗೆದರೆ ಸಾಕು. ಇನ್ನೊಂದು ಮಾತು ನಮ್ಮ ಹೋಟೆಲಿನವರಿಗೆ ತಮಾಷೆಯೆನಿಸೀತು. ಈ ಅಂಟು ಬೇಗ ಗಟ್ಟಿಯಾಗುವಂತೆ ಅನೇಕ ಪಾಕಗಳಲ್ಲಿ ಬೆರೆಸುವ ವಸ್ತುಗಳಲ್ಲಿ ಸ್ಯಾಕರಿನ್ ಒಂದು, ನಮ್ಮವರು ಸಕ್ಕರೆಗೆ ಬದಲಾಗಿ ಬಳಸಿ ಬೈಸಿಕೊಂಡಿರುವ ಅದೇ ಸ್ಯಾಕರಿನ್!

ಫೆವಿಕ್ವಿಕ್ಕಿನಂಥ ಕ್ಷಣಮಾತ್ರದಲ್ಲಿ ಹಿಡಿಯುವ ಅಂಟುಗಳು ಬೇರೆ ಜಾತಿಯವು. ಅವು ಗಟ್ಟಿಯಾಗುವುದು ಗಾಳಿಯ ತೇವದಿಂದ. ಅದುರಾಟವನ್ನೂ ಬಿಸಿಯನ್ನೂ ತಾಳುವ ಗುಣ ಅವುಗಳಿಗೆ ಕಡಿಮೆ. ಉಗುರುಬಣ್ಣ, ಅರಗು, ಬಿಳಿಯ ನಲ್ಲಿಟೇಪು ಇವುಗಳನ್ನು ಬೋಲ್ಟಿಗೆ ಹಚ್ಚುವ ಮಿಸ್ತ್ರಿಗಳನ್ನು ನಾವು ಕಂಡಿದ್ದೇವೆ. ಅದೃಷ್ಟವಿದ್ದಷ್ಟು ದಿನ ನಡೆಯುತ್ತದೆ.

ಇನ್ನು ಆಯ್ಕೆಯ ವಿಚಾರ. ಲಾಕ್‌ಟೈಟಿನ ಸಂಖ್ಯೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ; ಅಂಗಡಿಗಳಲ್ಲಿ ಬಳಕೆಯಾಗುವ ಭಾಷೆ ಅದೇ. ಅತ್ಯಂತ ಸೌಮ್ಯವಾದುದು ನೇರಳೆ ಬಣ್ಣದ 222. ಇದು 6 ಮಿಲಿಮೀಟರಿಗೂ ಅದಕ್ಕಿಂತ ಸಣ್ಣವಕ್ಕೂ, ವಿಶೇಷವಾಗಿ ಹಿತ್ತಾಳೆ, ಅಲ್ಯೂಮಿನಿಯಂಗಳ ಮೆದು ತಿರುಪುಗಳಿಗೆ. ಸಾಧಾರಣ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು. ನಡುವಿನ ಬಲದ್ದು ನೀಲಿ, 242 ಮತ್ತು 243. ಸುಮಾರು 6ರಿಂದ 20 ಮಿಲಿಮೀಟರು ದಪ್ಪದ ಬೋಲ್ಟುಗಳಿಗೆ ಇದು ಯೋಗ್ಯವಾದುದು. ತಾನಾಗಿ ಸಡಿಲವಾಗಲು ಬಿಡುವುದಿಲ್ಲ, ಆದರೆ ಪಾನಾ ಹಾಕಿ ಕೇಳಿದರೆ ಮಣಿಯುತ್ತದೆ. ಮೋಟಾರು ಸೈಕಲ್ಲಿನವನಿಗೆ ಮನೆಯಲ್ಲಿ ಒಂದೇ ಸೀಸೆ ಇರಬೇಕಾದರೆ ಅದು 243 ಇರಲಿ ಎಂಬುದು ನಮ್ಮ ಅಭಿಪ್ರಾಯ. ಥ್ರೆಡ್ಡಿನ ಮೇಲೆ ಎಣ್ಣೆಯ ಸ್ವಲ್ಪ ಪಸೆ ಉಳಿದಿದ್ದರೂ ಅದು ಹಿಡಿಯುತ್ತದೆ; 242ರ ಬಿಸಿಯ ಮಿತಿ 150 ಡಿಗ್ರಿಯಾದರೆ ಇದರದು 180.

ಕೆಂಪು 271 ದೊಡ್ಡ ಬೋಲ್ಟುಗಳಿಗೆ, ಇಂಜಿನನ್ನು ಪೂರ್ತಿ ಕಳಚುವ ದಿನದವರೆಗೆ ಮುಟ್ಟಬೇಕಾಗಿಲ್ಲದವುಗಳಿಗೆ. ಇದನ್ನು ಹಚ್ಚಿದ ಬೋಲ್ಟನ್ನು ಬಿಚ್ಚಬೇಕಾದರೆ ಆ ಜಾಗವನ್ನು ಸುಮಾರು 250 ಡಿಗ್ರಿಯವರೆಗೆ ಕಾಯಿಸಿ, ಬಿಸಿಯಿರುವಾಗಲೇ ತಿರುಗಿಸಬೇಕು. ಪೆಟ್ರೋಲು ಟ್ಯಾಂಕಿನ ಕೆಳಗೆ, ರಬ್ಬರು ಸೀಲುಗಳ ನಡುವೆ, ಶಾಖವನ್ನು ಕ್ಷಣದಲ್ಲಿ ಹಂಚಿಬಿಡುವ ಅಲ್ಯೂಮಿನಿಯಂ ಇಂಜಿನಿನಲ್ಲಿ 250 ಡಿಗ್ರಿ ಮುಟ್ಟಿಸುವುದೆಂದರೆ ದೋಸೆಯ ಕಲ್ಲನ್ನು ಕಾಯಿಸಿದಂತಲ್ಲ. ನಮ್ಮ ಹುಡುಗನು ಕ್ಲಚ್ಚಿನ ಮುಚ್ಚಳದ 6 ಮಿಲಿಮೀಟರು ಬೋಲ್ಟಿಗೆ ಹಚ್ಚಿದ್ದು ಇದನ್ನೇ. ಅಷ್ಟು ಸಣ್ಣ ಬೋಲ್ಟಿನ ಕತ್ತಿಗಿಂತ ಅಂಟಿನ ಹಿಡಿತವೇ ಬಲವಾಯಿತು, ಬಲಹೀನವಾದುದು ಮುರಿಯಿತು. ಇನ್ನೂ ಹೆಚ್ಚಿನ ಬಿಸಿಗೆ 272 ಎಂಬುದೊಂದಿದೆ. ಸುಮಾರು 230 ಡಿಗ್ರಿಯವರೆಗೆ ತಾಳುತ್ತದೆ, ಬಿಚ್ಚುವವನಿಗೂ ಅಷ್ಟೇ ಹಟ ತೋರಿಸುತ್ತದೆ. ಆಮೇಲೆ 290. ಇದು ನೀರಿನಂತೆ ತೆಳು. ಆಗಲೇ ಬಿಗಿದಿರುವ ಬೋಲ್ಟಿನ ಬುಡಕ್ಕೆ ತೊಟ್ಟಿಕ್ಕಿದರೆ ಬತ್ತಿ ಎಣ್ಣೆ ಹೀರುವಂತೆ ಥ್ರೆಡ್ಡು ಅದನ್ನು ಒಳಕ್ಕೆಳೆದುಕೊಳ್ಳುತ್ತದೆ.

ಬಣ್ಣವನ್ನು ನಂಬಿದವರು ಮೋಸಹೋಗುತ್ತಾರೆ; ಇದನ್ನು ಒತ್ತಿ ಹೇಳಬೇಕಾಗಿದೆ. ಈ 290 ಹಸಿರು ಬಣ್ಣದ್ದು. ಅದೇ ಕಂಪೆನಿಯ 270ರ ಬಣ್ಣವೂ ಹಸಿರು, ಆದರೆ ಅದು ಕೆಂಪಿನಷ್ಟೇ ಬಲಶಾಲಿ. ಬೇರಿಂಗನ್ನು ಅದರ ಗೂಡಿನಲ್ಲಿ ಕಾಯಂ ಆಗಿ ಕೂರಿಸುವ 638 ಸಹ ಹಸಿರೇ. ಅದು ಬೋಲ್ಟಿನ ಅಂಟೇ ಅಲ್ಲ. “ಹಸಿರು ಕೊಡಿ” ಎಂದವನ ಕೈಗೆ ಈ ಮೂರರಲ್ಲಿ ಯಾವುದೂ ಬರಬಹುದು. ಬೇರೆ ಕಂಪೆನಿಗಳ ಬಣ್ಣದ ಲೆಕ್ಕ ಮತ್ತೂ ಬೇರೆ. ಆದಕಾರಣ ಸೀಸೆಯ ಮೇಲಿನ ಸಂಖ್ಯೆಯನ್ನೂ, ಬಿಚ್ಚುವ ವಿಧಾನವನ್ನೂ, ಅವಧಿ ಮುಗಿಯುವ ತಾರೀಕನ್ನೂ ಓದಿ ಕೊಳ್ಳಬೇಕು. ಅಕ್ಷರ ತೀರ ಸಣ್ಣದು ನಿಜ. ಗುಮಾಸ್ತ ಮಿತ್ರರು ರೇಶನ್ ಕಾರ್ಡಿನ ಷರಾಗಳನ್ನು ಓದುವ ತಾಳ್ಮೆಯಲ್ಲಿ ಅರ್ಧವನ್ನು ಇಲ್ಲಿ ತೋರಿದರೂ ಸಾಕು.

ಯಾವ ಬೋಲ್ಟಿಗೆ ಹಚ್ಚಬೇಕು? ಇದಕ್ಕೆ ಗಾಡಿಯ ಸರ್ವಿಸ್ ಕೈಪಿಡಿಯೇ ಪ್ರಮಾಣ. ಕ್ಯಾಮ್ ಶಾಫ್ಟಿನ ಹಲ್ಲುಚಕ್ರದ ಬೋಲ್ಟುಗಳು, ಮ್ಯಾಗ್ನೆಟ್ಟಿನೊಳಗಿನ ಕಾಯಿಲನ್ನು ಹಿಡಿಯುವ ತಿರುಪುಗಳು, ಡಿಸ್ಕ್ ಬ್ರೇಕಿನ ತಟ್ಟೆಯ ಬೋಲ್ಟುಗಳು, ಇವುಗಳಿಗೆ ಅಂಟು ಹಚ್ಚಬೇಕೆಂದು ಅನೇಕ ಗಾಡಿಗಳ ಕೈಪಿಡಿಗಳು ವಿಧಿಸುತ್ತವೆ. ಇವು ಸಡಿಲವಾದರೆ ಇಂಜಿನೋ ಪ್ರಾಣವೋ ಹೋಗುವ ಜಾಗಗಳು. ಕೆಲವು ಹೊಸ ಬೋಲ್ಟುಗಳ ಥ್ರೆಡ್ಡಿನ ಮೇಲೆ ಒಣಗಿದ ಬಣ್ಣದ ಪಟ್ಟಿ ಕಾಣುತ್ತದೆ. ಅದು ಕಾರ್ಖಾನೆಯಲ್ಲಿಯೇ ಹಚ್ಚಿದ ಅಂಟು, ಸಾಮಾನ್ಯವಾಗಿ ಒಮ್ಮೆಯ ಬಳಕೆಗೆ ಮಾತ್ರ. ಬಿಚ್ಚಿದ ಮೇಲೆ ಹೊಸ ಬೋಲ್ಟು ಹಾಕಬೇಕು, ಇಲ್ಲವೆ ಕೈಪಿಡಿ ಒಪ್ಪಿದರೆ ಹಳೆಯದನ್ನು ಶುಚಿಮಾಡಿ ಅಂಟು ಹಚ್ಚಬೇಕು. ಹಿಂದಿನ ಚಕ್ರದ ಅಚ್ಚಿನ ನಟ್ಟಿಗೆ ಪಿನ್ನು ಹಾಕುವ ಏರ್ಪಾಡಿದ್ದರೆ ಪಿನ್ನು ಹಾಕಿಯೇ ತೀರಬೇಕು. ಅಂಟು ಪಿನ್ನಿಗೆ ಬದಲಿಯಲ್ಲ.

ಹಚ್ಚಬಾರದ ಜಾಗಗಳ ಪಟ್ಟಿ ಇದಕ್ಕಿಂತ ದೊಡ್ಡದು. ಪದೇ ಪದೇ ಬಿಚ್ಚುವ ಸ್ಪಾರ್ಕ್ ಪ್ಲಗ್ಗಿಗೆ ಬೇಡ. ಎಣ್ಣೆ ಬದಲಿಸುವ ಡ್ರೈನ್ ಪ್ಲಗ್ಗಿಗೆ ಬೇಡ, ಅದಕ್ಕೆ ಹೊಸ ವಾಷರು ಸಾಕು. ವಾಲ್ವಿನ ಸಂದನ್ನು ಹೊಂದಿಸುವ ನಟ್ಟಿಗೆ ಬೇಡ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳಿಗೂ ಕನೆಕ್ಟಿಂಗ್ ರಾಡಿನ ಬೋಲ್ಟುಗಳಿಗೂ ಕೈಪಿಡಿ ಹೇಳದ ಹೊರತು ಖಂಡಿತ ಬೇಡ. ಅವುಗಳ ಬಿಗಿಯನ್ನು ಎಣ್ಣೆ ಹಚ್ಚಿಯೋ ಹಚ್ಚದೆಯೋ ನಿಖರವಾಗಿ ಲೆಕ್ಕಹಾಕಿರುತ್ತಾರೆ, ನಡುವೆ ಬೇರೊಂದು ದ್ರವ ಬಂದರೆ ತಿಕ್ಕಾಟದ ಲೆಕ್ಕವೆಲ್ಲ ತಪ್ಪುತ್ತದೆ. ಪ್ಲಾಸ್ಟಿಕ್ ಭಾಗಗಳ ಹತ್ತಿರವಂತೂ ತರಲೇಬಾರದು. ಹಸಿ ಅಂಟು ತಗಲಿದರೆ ಕೆಲವು ಪ್ಲಾಸ್ಟಿಕ್ಕುಗಳು ಬಿರುಕುಬಿಡುತ್ತವೆ.

ಸೈಲೆನ್ಸರಿನ ನಟ್ಟುಗಳ ವಿಚಾರದಲ್ಲಿ ಸ್ವಂತ ಅನುಭವವೊಂದಿದೆ. ಹೋಟೆಲಿನ ಹಿತ್ತಿಲಲ್ಲಿದ್ದ ಡೀಸೆಲ್ ಜನರೇಟರಿನ ಹೊಗೆಕೊಳವೆಯ ನಟ್ಟುಗಳು ತಿಂಗಳಿಗೊಮ್ಮೆ ಸಡಿಲವಾಗಿ, ಹೊಗೆ ಅಡಿಗೆಮನೆಗೆ ನುಗ್ಗಿ, ಭಟ್ಟರು ಸೌಟು ಕೆಳಗಿಟ್ಟು ಹೊರಗೆ ಬರುತ್ತಿದ್ದರು. ನಾವು ಬಲು ಜಾಣರಂತೆ ಕೆಂಪು ಅಂಟನ್ನು ತಂದು ನಮ್ಮ ಕೈಯಾರೆ ಹಚ್ಚಿದೆವು. ಎರಡನೆಯ ದಿನವೇ ನಟ್ಟುಗಳು ಮೊದಲಿನಂತೆ ಕುಣಿಯತೊಡಗಿದವು. ಹೊಗೆಕೊಳವೆಯ ಬಿಸಿ ಈ ಅಂಟಿನ ಮಿತಿಯನ್ನು ಎಷ್ಟೋ ಪಾಲು ಮೀರಿದುದು. ಒಳಗೆ ಉಳಿದಿದ್ದುದು ಸುಟ್ಟ ಪುಡಿ ಮಾತ್ರ. ಅಲ್ಲಿಗೆ ಬೇಕಾದುದು ಪೂರ್ತಿ ಲೋಹದಿಂದಲೇ ಮಾಡಿದ, ತಾನೇ ಬಿಗಿಹಿಡಿಯುವ ನಟ್ಟು. ಭಟ್ಟರು ಆ ಅಂಟಿನ ವಿಷಯವನ್ನು ಮುಂದೆ ಬಹುಕಾಲ ಎತ್ತಾಡುತ್ತಿದ್ದರು.

ಸರಿಯಾದುದನ್ನು ಆರಿಸಿ ತಪ್ಪಾಗಿ ಹಚ್ಚಿದರೂ ಫಲ ಸೊನ್ನೆ. ಹಳೆಯ ಅಂಟಿನ ಪುಡಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಬೋಲ್ಟನ್ನೂ ತೂತನ್ನೂ ಬ್ರೇಕ್ ಕ್ಲೀನರಿನಂಥ, ಪಸೆಯುಳಿಸದ ದ್ರವದಿಂದ ತೊಳೆದು ಒಣಗಿಸಬೇಕು. ಸೀಮೆ ಎಣ್ಣೆ ಬೇಡ. ಅದು ಜಿಡ್ಡು ಬಿಟ್ಟುಹೋಗುತ್ತದೆ. ಆರಪಾರು ತೂತಾದರೆ ನಟ್ಟು ಬಂದು ನಿಲ್ಲುವ ಜಾಗದ ಥ್ರೆಡ್ಡಿಗೆ ಒಂದೆರಡು ತೊಟ್ಟು. ಕೆಳಗೆ ಮುಚ್ಚಿದ ತೂತಾದರೆ ಅಂಟನ್ನು ತೂತಿನ ತಳಕ್ಕೇ ಹಾಕಬೇಕು. ಬೋಲ್ಟಿಗೆ ಹಚ್ಚಿ ಇಳಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಅಂಟನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟೇ ಬಲಕ್ಕೆ, ಸಾಧ್ಯವಾದರೆ ಟಾರ್ಕ್ ರೆಂಚಿನಿಂದ, ಬಿಗಿಯಬೇಕು. ಅಂಟಿದೆಯೆಂದು ಸಡಿಲವಾಗಿ ಬಿಗಿಯುವುದು ದೊಡ್ಡ ಮೂರ್ಖತನ. ಒತ್ತಿ ಹಿಡಿಯುವವನು ಬೋಲ್ಟು, ಅಂಟು ಅವನ ಕಾವಲಿನವನು ಮಾತ್ರ. ಉಕ್ಕಿನ ಮೇಲೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಅಂಟು ಹಿಡಿದಂತೆ ತೋರಿದರೂ ಪೂರ್ಣ ಬಲ ಬರಲು 24 ಗಂಟೆ ಬೇಕು. ಸತುವಿನ ಲೇಪವಿರುವ ಬೋಲ್ಟು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು, ಅಲ್ಯೂಮಿನಿಯಂ ಇವುಗಳ ಮೇಲೆ ಇನ್ನೂ ನಿಧಾನ. ದೆಹಲಿಯ ಡಿಸೆಂಬರಿನ ಚಳಿಯಲ್ಲಿ ಮತ್ತೂ ನಿಧಾನ. ಅಂಥಲ್ಲಿ ಮೊದಲು ಆಕ್ಟಿವೇಟರ್ ಎಂಬ ಇನ್ನೊಂದು ದ್ರವವನ್ನು ಸಿಂಪಡಿಸುವುದುಂಟು. ಹೊರಗೆ ಸುರಿದ ಅಂಟನ್ನು ಉಳಿತಾಯದ ಆಸೆಯಿಂದ ಮತ್ತೆ ಸೀಸೆಗೆ ಹಾಕಬಾರದು. ಲೋಹದ ಕಣ ಸೇರಿ ಸೀಸೆಯಲ್ಲಿರುವುದೆಲ್ಲ ಗಟ್ಟಿಯಾದೀತು.

ಕೈಗಳ ವಿಷಯವನ್ನು ಹೋಟೆಲಿನ ಓದುಗರಿಗಾಗಿ ಬೇರೆಯಾಗಿಯೇ ಹೇಳುತ್ತೇವೆ. ಈ ಅಂಟಿನಲ್ಲಿರುವ ಮೆಥಾಕ್ರಿಲೇಟುಗಳೆಂಬ ವಸ್ತುಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ಒಂದು ತೊಟ್ಟು ತಗಲಿದರೂ ಬೆರಳುಗಳು ತುರಿಸಿ ಬಿರಿಯುತ್ತವೆ. ಹಿಟ್ಟು ನಾದುವ, ಪಾತ್ರೆ ತೊಳೆಯುವ, ಪರೋಟ ತಟ್ಟುವ ಕೈಗಳಿಗೆ ಅಂಥ ಗತಿ ಬಂದರೆ ಸಂಬಳಕ್ಕೇ ಸಂಚಕಾರ. ನೈಟ್ರೈಲ್ ಕೈಚೀಲ ಹಾಕಿಕೊಳ್ಳಿ. ಅಡಿಗೆಮನೆಯಲ್ಲಿ ಈ ಕೆಲಸ ಮಾಡಬೇಡಿ.

ಹುಡುಗನ ಗಾಡಿಯನ್ನು ನಮ್ಮ ಪರಿಚಯದ ಮಿಸ್ತ್ರಿಯೊಬ್ಬರ ಹತ್ತಿರ ಕಳುಹಿಸಿದೆವು. ಅವರು ಟ್ಯಾಂಕನ್ನು ಕಳಚಿ ದೂರವಿಟ್ಟು, ಬಿಸಿಗಾಳಿಯ ಗನ್ನಿನಿಂದ ಜಾಗವನ್ನು ಕಾಯಿಸಿ, ಎಡಕ್ಕೆ ತಿರುಗುವ ಡ್ರಿಲ್ಲಿನಿಂದ ಕೊರೆದಾಗ ಒಂದು ಮುಂಡವು ತಾನಾಗಿ ತಿರುಗಿ ಹೊರಬಂದಿತು. ಇನ್ನೊಂದು ಮಣಿಯಲಿಲ್ಲ. ಅದನ್ನು ಪೂರ್ತಿ ಕೊರೆದು ತೆಗೆದು, ತೂತಿಗೆ ಉಕ್ಕಿನ ಸುರುಳಿಯನ್ನು ಕೂರಿಸಿ ಹೊಸ ಥ್ರೆಡ್ಡು ಮಾಡಬೇಕಾಯಿತು. ಕೂಲಿಗೆ ಬೆಳಗಿನ ಹತ್ತು ದಿನಗಳ ಸಂಪಾದನೆ ಹೋಯಿತು. ಗಾಡಿಯಿಲ್ಲದ ನಾಲ್ಕು ದಿನ ಡಬ್ಬಗಳನ್ನು ರಿಕ್ಷಾದಲ್ಲಿ ಒಯ್ದ ಖರ್ಚು ಬೇರೆ. ಕ್ಲಚ್ಚಿನ ಮುಚ್ಚಳವನ್ನು ಹೊಸ ಗ್ಯಾಸ್ಕೆಟ್ಟಿನೊಡನೆ, ಯಾವ ಅಂಟೂ ಇಲ್ಲದೆ, ಎದುರುಬದುರಾಗಿ ಒಂದೊಂದೇ ಬೋಲ್ಟನ್ನು 10 ನ್ಯೂಟನ್‌ಮೀಟರಿಗೆ ಬಿಗಿದರು. ಇಂಜಿನು ಹಿಡಿಯುವ ಬೋಲ್ಟುಗಳಿಗೆ ಮಾತ್ರ ನೀಲಿ 243 ಹಚ್ಚಿ, ಶನಿವಾರ ಸಂಜೆಯಿಂದ ಸೋಮವಾರದವರೆಗೆ ಗಾಡಿಯನ್ನು ನಿಲ್ಲಿಸಿಟ್ಟರು. ಸೋಮವಾರ ಬೆಳಗಿನ ಐದಕ್ಕೆ ಇಡ್ಲಿಯ ಡಬ್ಬಗಳು ಹೊರಟವು.

ಉಳಿದ ಕೆಂಪು ಸೀಸೆಯನ್ನು ಅವನು ನಮ್ಮ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾನೆ. ಲಾರಿ, ಟೆಂಪೊ ಇಟ್ಟುಕೊಂಡಿರುವ ಓದುಗರಾರಿಗಾದರೂ ಬೇಕಾದಲ್ಲಿ ಕಚೇರಿಗೆ ಬಂದು ಒಯ್ಯಬಹುದು. ಅವಧಿ ಮುಗಿಯಲು ಇನ್ನೂ ಏಳು ತಿಂಗಳುಗಳಿವೆ.